ಕ್ಷಯಕ್ರಿಮಿಯ ನಿಧಾನ



ರಾತ್ರಿ ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಮೊಸರಾಗುವುದು. ಸೂಕ್ಷ್ಮಜೀವಿಗಳ ವೃದ್ಧಿಯ ವೇಗಕ್ಕೆ ನಮ್ಮ ಅಡಿಗೆಮನೆಯೇ ಸಾಕ್ಷಿ. ಆದರೆ ಎಲ್ಲ ಜೀವಿಗಳಿಗೂ ಈ ಆತುರವಿಲ್ಲ. ನಮ್ಮ ಕರುಳಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯವು, ತಕ್ಕ ಆಹಾರ ದೊರೆತರೆ, ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುವುದು. ಕ್ಷಯರೋಗದ ಕ್ರಿಮಿಗೆ ಅದೇ ಕಾರ್ಯಕ್ಕೆ 15ರಿಂದ 20 ಗಂಟೆಗಳು ಬೇಕು.

1882ನೆಯ ಇಸವಿ ಮಾರ್ಚಿ 24ರಂದು ರಾಬರ್ಟ್ ಕಾಖ್ ಪಂಡಿತನು ಬರ್ಲಿನ್ ನಗರದಲ್ಲಿ ಈ ಕ್ರಿಮಿಯನ್ನು ಲೋಕಕ್ಕೆ ಪ್ರಕಟಪಡಿಸಿದನು. ಕಾಯಿಸಿ ಗಟ್ಟಿಮಾಡಿದ ರಕ್ತದ ತಿಳಿಯ ಮೇಲೆ ಅದನ್ನು ಬಿತ್ತಿ, ಎರಡನೆಯ ವಾರದವರೆಗೂ ಕಾದುದರಿಂದಲೇ ಅವನಿಗೆ ಅದರ ಬೆಳೆ ಕಣ್ಣಿಗೆ ಬಿದ್ದಿತು. ಮೊದಲ ವಾರದಲ್ಲಿಯೇ ನಳಿಕೆಗಳನ್ನು ಎಸೆದಿದ್ದರೆ ಏನೂ ಕಾಣುತ್ತಿರಲಿಲ್ಲ.

ನಿಧಾನದಿಂದ ಇನ್ನೊಂದು ತೊಡಕೂ ಉಂಟು. ರೋಗಿಯ ಕಫದಲ್ಲಿರುವ ಇತರ ಜೀವಿಗಳು, ಕಳೆಯು ಪೈರನ್ನು ಮುಚ್ಚುವಂತೆ, ಬೇಗ ಹಬ್ಬಿಬಿಡುವುವು. ಆದುದರಿಂದ ಕಫವನ್ನು ಮೊದಲು ಕಾಸ್ಟಿಕ್ ಸೋಡದಿಂದ ಸಂಸ್ಕರಿಸುವೆವು. ಮದ್ದು ಅತಿಯಾದರೆ ಕಳೆಯೊಡನೆ ಪೈರೂ ಸಾಯುವುದು. ಕಡಿಮೆಯಾದರೆ ಕಳೆಯೇ ಉಳಿಯುವುದು. ಬಳಿಕ ಮೊಟ್ಟೆ, ಗ್ಲಿಸರಿನ್ ಮತ್ತು ಮ್ಯಾಲಕೈಟ್ ಹಸುರು ಸೇರಿದ ಆಹಾರದ ಮೇಲೆ ಬಿತ್ತಿ, 37 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಇಡುವೆವು. ಬೆಳೆ ಕಾಣದಿದ್ದರೆ ಎಂಟು ವಾರ ಕಳೆಯುವವರೆಗೂ ‘ಇಲ್ಲ’ ಎನ್ನತಕ್ಕುದಲ್ಲ.

ಸೂಕ್ಷ್ಮದರ್ಶಕವಿರುವಾಗ ಇಷ್ಟು ಶ್ರಮವೇಕೆ ಎಂದು ಕೆಲವರು ಕೇಳಬಹುದು. ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ಕ್ರಿಮಿಗಳಿದ್ದಲ್ಲದೆ ಅದರಲ್ಲಿ ಅವು ಸುಲಭವಾಗಿ ಸಿಕ್ಕವು. ಕೃಷಿಯಲ್ಲಿಯಾದರೋ ನೂರರಷ್ಟಿದ್ದರೂ ಸಾಕು.

ಈಗ ದ್ರವಾಹಾರದ ನಳಿಕೆಗಳು ಬಂದಿವೆ. ಕ್ರಿಮಿಯು ಆಮ್ಲಜನಕವನ್ನು ಉಪಯೋಗಿಸಿದಂತೆಲ್ಲ ನಳಿಕೆಯ ತಳವು ಅತಿನೇರಳೆ ಬೆಳಕಿನಲ್ಲಿ ಹೊಳೆಯುವುದು. ಯಂತ್ರವು ಅದನ್ನು ಗುರುತಿಸುವುದು. ಇಲ್ಲಿಯೂ ‘ಇಲ್ಲ’ವೆನ್ನಲು 42 ದಿನಗಳು ಬೇಕು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅನುಮೋದಿಸಿದ ವಂಶದ್ರವ್ಯದ ಪರೀಕ್ಷೆಯು ಸುಮಾರು ಎರಡು ಗಂಟೆಯಲ್ಲಿ ಉತ್ತರ ಕೊಡುವುದು. ಆದರೆ ಅದು ಸತ್ತ ಕ್ರಿಮಿಯ ಅವಶೇಷವನ್ನೂ ಕಂಡುಹಿಡಿಯುವುದು. ಚಿಕಿತ್ಸೆಯಿಂದ ಕ್ರಿಮಿ ಸತ್ತಿದೆಯೆ, ಬದುಕಿದೆಯೆ ಎಂಬುದನ್ನು ತಿಳಿಯಲು ಇಂದಿಗೂ ಕೃಷಿಯನ್ನೇ ಆಶ್ರಯಿಸಬೇಕು.

ಪ್ರತಿಯೊಂದು ನಳಿಕೆಯ ಹಿಂದೆಯೂ ಒಂದು ಮನೆ ಕಾದಿರುವುದು. ಅವಸರದಿಂದ ನಾವಾಡಿದ ‘ಇಲ್ಲ’ವನ್ನು ನಂಬಿ ರೋಗಿಯು ಮನೆಗೆ ಹೋದರೆ, ಪಕ್ಕದಲ್ಲಿ ಮಲಗುವ ಮಕ್ಕಳಿಗೂ ರೋಗ ಹರಡಬಹುದು. ಆದುದರಿಂದ, ಶ್ರೋತೃಗಳೇ, ವರದಿ ತಡವಾದಾಗ ಪ್ರಯೋಗಶಾಲೆಯವರ ಆಲಸ್ಯವೆಂದು ಬೇಸರಿಸುವ ಮುನ್ನ ಕ್ರಿಮಿಯ ಈ ನಿಧಾನವನ್ನು ಸ್ವಲ್ಪ ನೆನೆಯಬೇಕೆಂದು ಪ್ರಾರ್ಥಿಸುತ್ತೇವೆ.