ಮೂರು ಮನೆ, ಒಂದು ಅಂಗಳ

(ಮಹಿಳಾ ದಿನಾಚರಣೆಯಂದು ಆಡಿದ ಮಾತುಗಳು)



ಪ್ರವಾಸದ ಅನುಭವ ಹೇಳು ಎಂದು ಕರೆದಿದ್ದೀರಿ. ಎಂ.ಟೆಕ್ ಓದಿ ಹತ್ತು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತವಳು ನಾನು. ಮೈಕ್ ಮುಂದೆ ನಿಂತು ಅಭ್ಯಾಸವಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕಳೆದ ವರ್ಷ ಆಫೀಸಿನ ಕೆಲಸದ ಮೇಲೆ ಅಬುಧಾಬಿಗೆ ಹೋಗಿದ್ದೆ. ಒಂದು ದಿನ ಬಿಡುವು ಸಿಕ್ಕಾಗ, ಸಾದಿಯಾತ್ ದ್ವೀಪದ ‘ಅಬ್ರಹಾಮಿಕ್ ಫ್ಯಾಮಿಲಿ ಹೌಸ್’ ನೋಡಿ ಬಾ ಎಂದು ಅಲ್ಲಿಯ ಸಹೋದ್ಯೋಗಿಗಳು ಹೇಳಿದರು. ಒಂದೇ ಆವರಣದಲ್ಲಿ ಮಸೀದಿ, ಚರ್ಚ್ ಮತ್ತು ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್. 2019ರ ಫೆಬ್ರವರಿ 4ರಂದು ಪೋಪ್ ಫ್ರಾನ್ಸಿಸ್ ಮತ್ತು ಈಜಿಪ್ಟಿನ ಅಲ್ ಅಝರ್‌ನ ಮುಖ್ಯ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಅವರು ಅದೇ ನಗರದಲ್ಲಿ ಮಾನವ ಸೋದರತ್ವದ ದಾಖಲೆಗೆ ಸಹಿ ಹಾಕಿದ್ದರು. ಅದರ ನೆನಪಿಗೆ ಕಟ್ಟಿದ ಈ ಜಾಗ 2023ರಲ್ಲಿ ತೆರೆಯಿತು. ಮೂರೂ ಧರ್ಮದವರು ಅಬ್ರಹಾಮನನ್ನು, ಅಂದರೆ ಇಬ್ರಾಹಿಮನನ್ನು, ಮೂಲಪುರುಷ ಎಂದು ಗೌರವಿಸುತ್ತಾರೆ. ಹೆಸರು ಬಂದದ್ದು ಹಾಗೆ.

ಮೂರೂ ಮತದವರು ಒಂದೇ ಸೂರಿನಡಿ ಕೂತು ಪ್ರಾರ್ಥನೆ ಮಾಡುತ್ತಾರೆ ಎಂದುಕೊಂಡು ಹೋಗಿದ್ದೆ. ಹಾಗಿಲ್ಲ. ಅಲ್ಲಿರುವುದು ಮೂರು ಬೇರೆ ಬೇರೆ ಕಟ್ಟಡ. ಎತ್ತರ ಒಂದೇ, ಸುಮಾರು 30 ಮೀಟರ್. ಒಂದು ದೊಡ್ಡದು, ಒಂದು ಚಿಕ್ಕದು ಎಂಬ ಮಾತಿಲ್ಲ. ಆದರೆ ಮಸೀದಿ ಮೆಕ್ಕಾದ ಕಡೆ ತಿರುಗಿದೆ, ಸಿನಗಾಗ್ ಜೆರುಸಲೇಮಿನ ಕಡೆ, ಚರ್ಚ್ ಪೂರ್ವಕ್ಕೆ. ಯಾರೂ ಯಾರಿಗಾಗಿಯೂ ದಿಕ್ಕು ಬದಲಿಸಿಲ್ಲ. ಮಸೀದಿಯಲ್ಲಿ ವುಜೂ ಮಾಡುವ ಜಾಗ, ಚರ್ಚಿನಲ್ಲಿ ದೀಕ್ಷಾಸ್ನಾನದ ಜಾಗ, ಸಿನಗಾಗ್‌ನಲ್ಲಿ ಶುದ್ಧಿಸ್ನಾನದ ಕೊಳ ಪ್ರತ್ಯೇಕವಾಗಿಯೇ ಇವೆ. ಹಂಚಿಕೊಂಡಿರುವುದು ನಡುವಿನ ತೋಟವನ್ನು.

ನನಗೆ ಮೈಸೂರಿನಲ್ಲಿ ಅಜ್ಜಿ ಇದ್ದ ವಠಾರ ನೆನಪಾಯಿತು. ಅಡುಗೆ ಬೇರೆ, ದೇವರಮನೆ ಬೇರೆ. ಅಂಗಳ ಮತ್ತು ನಲ್ಲಿ ಮಾತ್ರ ಎಲ್ಲರದು. ಜಗಳವೂ ಆಗುತ್ತಿತ್ತು, ಹಬ್ಬದ ಕೋಸಂಬರಿಯೂ ಮನೆಮನೆಗೆ ಹೋಗುತ್ತಿತ್ತು.

ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ನೂರಾರು ಜನ ನೋಡಿದರು. ಪುಣೆಯ ಗೆಳತಿಯೊಬ್ಬಳು ಒಂದೇ ಸಾಲು ಬರೆದಳು: “ಚೆನ್ನಾಗಿದೆ. ಅಲ್ಲಿ ಬಾಡಿಗೆಗೆ ಮನೆ ಸಿಗುತ್ತಾ?”

ಆ ಸಾಲಿನ ಹಿಂದಿನ ಕತೆ ಹೇಳಬೇಕು. ಅವಳ ಗಂಡ ಮೊದಲು ನನ್ನ ಟೀಮಿನಲ್ಲಿದ್ದ. ಮುಸ್ಲಿಂ ಕುಟುಂಬ. ಎರಡು ವರ್ಷದ ಹಿಂದೆ ನಮ್ಮ ಸೊಸೈಟಿಯಲ್ಲಿ, ನಮ್ಮದೇ ಮಹಡಿಯ ಫ್ಲ್ಯಾಟ್ ಅವರಿಗೆ ಕೊಡಲು ಮಾಲೀಕರು ಒಪ್ಪಿದ್ದರು. ಸೊಸೈಟಿ ಮೀಟಿಂಗ್‌ನಲ್ಲಿ “ಬೇಡ, ಮುಂದೆ ತೊಂದರೆ” ಎಂಬ ಮಾತು ಬಂತು. ಏನು ತೊಂದರೆ ಎಂದು ಯಾರೂ ಕೇಳಲಿಲ್ಲ. ನಾನೂ ಅಲ್ಲೇ ಕೂತಿದ್ದೆ. ತಲೆ ತಗ್ಗಿಸಿ ಮೊಬೈಲ್ ನೋಡುತ್ತಿದ್ದೆ. ಆಮೇಲೆ ಅವಳಿಗೆ ‘ಸಾರಿ’ ಎಂದು ಮೆಸೇಜ್ ಕಳಿಸಿದೆ. “ಪರವಾಗಿಲ್ಲ, ಅಭ್ಯಾಸವಾಗಿದೆ” ಅಂದಳು. ಪುಣೆಗೆ ಬಂದ ಹೊಸತರಲ್ಲಿ ಮನೆ ಹುಡುಕುವಾಗ ನಮ್ಮನ್ನೂ ಏನು ತಿನ್ನುತ್ತೀರಿ, ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದ್ದರು. ಆಗ ನನಗೆ ಎಷ್ಟು ಉರಿದಿತ್ತು! ಅದೆಲ್ಲ ಮರೆತೇ ಹೋಗಿತ್ತು.

ಊರಿಗೆ ವಾಪಸು ಬಂದ ಮೇಲೆ ಅವಳಿಗೆ ಫೋನ್ ಮಾಡಿದೆ. “ವಿಮಾನ ಹತ್ತಿ ನೋಡುವುದೇನಿದೆ, ಬಾ, ಕ್ಯಾಂಪ್ ತೋರಿಸ್ತೀನಿ” ಅಂದಳು. ಒಂದು ಭಾನುವಾರ ಇಬ್ಬರೂ ಹೊರಟೆವು.

ಮೊಲೆದಿನಾ ರಸ್ತೆಯ ಕೆಂಪು ಇಟ್ಟಿಗೆಯ ಗಡಿಯಾರ ಗೋಪುರ ನೀವೆಲ್ಲ ನೋಡಿರುತ್ತೀರಿ. ಇಷ್ಟು ವರ್ಷ ನಾನು ಅದನ್ನು ಚರ್ಚ್ ಎಂದೇ ತಿಳಿದಿದ್ದೆ! ಅದು ಓಹೆಲ್ ಡೇವಿಡ್ ಸಿನಗಾಗ್, ಜನರ ಬಾಯಲ್ಲಿ ಲಾಲ್ ದೇವಳ್. ಹೆಸರಿನ ಅರ್ಥ ‘ದಾವೀದನ ಗುಡಾರ’. ಬಾಗ್ದಾದಿನಿಂದ ಮುಂಬೈಗೆ ಬಂದ ವ್ಯಾಪಾರಿ ಡೇವಿಡ್ ಸಸೂನ್ ಕಟ್ಟಿಸಲು ತೊಡಗಿದ್ದು, ಅವರು 1864ರಲ್ಲಿ ತೀರಿಕೊಂಡ ಮೇಲೆ 1867ರಲ್ಲಿ ಮುಗಿಯಿತು. ಅವರ ಸಮಾಧಿ ಆ ಆವರಣದಲ್ಲೇ ಇದೆ. ನಮ್ಮ ಸಸೂನ್ ಆಸ್ಪತ್ರೆಗೆ ಆ ಮನೆತನದ್ದೇ ಹೆಸರು. ಈಗ ಒಳಗೆ ಹೋಗಲು ಮೊದಲೇ ಅನುಮತಿ ಬೇಕು. ನಾವು ಹೊರಗೆ ನಿಂತೇ ನೋಡಿದೆವು.

ರಾಸ್ತಾ ಪೇಠೆಯಲ್ಲಿ ಬೆನೆ ಇಸ್ರೇಲಿ ಯಹೂದಿಗಳ ಇನ್ನೊಂದು ಸಿನಗಾಗ್ ಇದೆ. ಇವರ ಮನೆಮಾತು ಮರಾಠಿ. ಹಿಂದೆ ಕೊಂಕಣದ ಹಳ್ಳಿಗಳಲ್ಲಿ ಗಾಣ ನಡೆಸುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಇವರನ್ನು ‘ಶನಿವಾರ್ ತೇಲಿ’ ಎಂದು ಕರೆಯುತ್ತಿದ್ದರು.

ಅಲ್ಲಿಂದ ಕ್ವಾರ್ಟರ್ ಗೇಟಿನ ಸಿಟಿ ಚರ್ಚ್. ಪೇಶ್ವೆ ಸವಾಯಿ ಮಾಧವರಾಯರು ತಮ್ಮ ಸೈನ್ಯದಲ್ಲಿದ್ದ ಕ್ರೈಸ್ತರಿಗಾಗಿ ಜಾಗ ಕೊಟ್ಟು, 1792ರಲ್ಲಿ ಶುರುವಾದದ್ದು. ಕೊನೆಗೆ ಚಾರ್ ಬಾವಡಿಯಲ್ಲಿ ಹಜರತ್ ಬಾಬಾಜಾನ್ ದರ್ಗಾ. ಇದು ಹೆಂಗಸಿನ ದರ್ಗಾ! ಬೇವಿನ ಮರದಡಿ ಬಿಸಿಲು ಮಳೆಯೆನ್ನದೆ ವರ್ಷಗಟ್ಟಲೆ ಕೂತಿದ್ದ ಈ ಸೂಫಿ ತಾಯಿ 1931ರಲ್ಲಿ ತೀರಿಕೊಂಡರು. ಅವರ ಹತ್ತಿರ ಹಿಂದೂಗಳು, ಪಾರ್ಸಿಗಳು, ಎಲ್ಲರೂ ಬರುತ್ತಿದ್ದರಂತೆ. ಗೆಳತಿ ತಲೆಗೆ ದುಪಟ್ಟಾ ಹೊದ್ದು ಕೈ ಎತ್ತಿದಳು. ನಾನು ಕೈ ಮುಗಿದೆ.

ಅಬುಧಾಬಿಯಲ್ಲಿ ಸರ್ಕಾರ ನಿಂತು, ಹೆಸರಾಂತ ವಾಸ್ತುಶಿಲ್ಪಿ ಡೇವಿಡ್ ಅಡ್ಜಾಯೆ ಅವರಿಂದ ನಕ್ಷೆ ಬರೆಸಿ ಮಾಡಿದ್ದು, ನಮ್ಮ ಕ್ಯಾಂಪಿನಲ್ಲಿ ಯಾರ ನಕ್ಷೆಯೂ ಇಲ್ಲದೆ ಆಗಿದೆ. ಆದರೂ ಅದೇ ಊರಿನಲ್ಲಿ ಅವಳಿಗೆ ನನ್ನ ಪಕ್ಕದ ಫ್ಲ್ಯಾಟ್ ಸಿಗಲಿಲ್ಲ. ಕಟ್ಟಡಗಳು ಅಕ್ಕಪಕ್ಕ ಇದ್ದರಷ್ಟೇ ಸಾಲದು ಎಂದು ಅವತ್ತು ಅನ್ನಿಸಿತು.

ಮುಂದಿನ ಸೊಸೈಟಿ ಮೀಟಿಂಗ್‌ನಲ್ಲಿ ಎದ್ದು ನಿಂತೆ. ಕೈ ನಡುಗುತ್ತಿತ್ತು. ಭಾಷಣ ಮಾಡಲಿಲ್ಲ. ಯಾರಿಗಾದರೂ ಮನೆ ಬೇಡ ಎನ್ನುವುದಾದರೆ ಕಾರಣವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ, ಬೇಡ ಎಂದವರು ಸಹಿ ಹಾಕಿ ಎಂದಷ್ಟೇ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೂರನೇ ಮಹಡಿಯ ಅಜ್ಜಿ, “ಅವಳು ಕೇಳಿದ್ದು ಸರಿಯಾಗಿದೆ” ಎಂದು ಮರಾಠಿಯಲ್ಲಿ ಹೇಳಿದರು. ಇನ್ನಿಬ್ಬರು ಹೆಂಗಸರು ದನಿಗೂಡಿಸಿದರು. ತೀರ್ಮಾನ ಇನ್ನೂ ಆಗಿಲ್ಲ. ಗೆಳತಿಯ ಕುಟುಂಬ ಬೇರೆ ಕಡೆ ಮನೆ ಮಾಡಿಕೊಂಡಿದೆ. ಅವಳ ವಿಷಯದಲ್ಲಿ ನಾನು ತಡಮಾಡಿದೆ, ಅದನ್ನು ಒಪ್ಪಿಕೊಳ್ಳುತ್ತೇನೆ.

ನಮ್ಮ ವೇದಿಕೆಗೆ ನನ್ನದೊಂದು ಕೋರಿಕೆ. ಒಂದು ಭಾನುವಾರ ನಾವೆಲ್ಲ ಸೇರಿ ಕ್ಯಾಂಪಿನಲ್ಲಿ ನಡೆದು ಬರೋಣ. ದಾರಿ ತೋರಿಸಲು ಗೆಳತಿ ಒಪ್ಪಿದ್ದಾಳೆ. ಬರುವವರು ಇವತ್ತೇ ಹೆಸರು ಕೊಡಿ. ಮತ್ತೆ, ನಿಮ್ಮ ಸೊಸೈಟಿ ಮೀಟಿಂಗ್‌ನಲ್ಲಿ ಇಂಥ ಮಾತು ಬಂದಾಗ ದಯವಿಟ್ಟು ನನ್ನ ಹಾಗೆ ಮೊಬೈಲ್ ನೋಡುತ್ತಾ ಕೂರಬೇಡಿ.