ಗಾಲಿಕುರ್ಚಿಯ ಶಸ್ತ್ರವೈದ್ಯೆ



ನೋವು ಎಂಬುದೇ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಿಮಗೆ ಎಂದಾದರೂ ಅನಿಸಿದೆಯೆ? ಹಲ್ಲುನೋವಿನ ರಾತ್ರಿ ಎಲ್ಲರಿಗೂ ಹಾಗೆ ಅನಿಸುತ್ತದೆ. ಆದರೆ ನೋವೇ ತಿಳಿಯದ ಕೈಗಳನ್ನು ಹತ್ತಿರದಿಂದ ನೋಡಿದ ವೈದ್ಯರೊಬ್ಬರ ಅಭಿಪ್ರಾಯ ಬೇರೆಯಾಗಿತ್ತು. ಅವರ ಹೆಸರು ಡಾಕ್ಟರ್ ಪಾಲ್ ಬ್ರ್ಯಾಂಡ್. ಮಿಷನರಿ ದಂಪತಿಗಳ ಮಗನಾಗಿ 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದವರು. ಕುಷ್ಠರೋಗಿಗಳ ಬೆರಳುಗಳು ಕೊಳೆತು ಉದುರುತ್ತವೆ ಎಂದು ಆಗ ಜನರು ನಂಬಿದ್ದರು. ಬ್ರ್ಯಾಂಡ್ ಕಂಡುಕೊಂಡದ್ದು ಬೇರೆ. ರೋಗಾಣು ಹಾಳುಮಾಡುವುದು ನರಗಳನ್ನು. ಸ್ಪರ್ಶ ಹೋದ ಮೇಲೆ ಆ ಮನುಷ್ಯ ಕಾದ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿಯುತ್ತಾನೆ, ಮುಳ್ಳು ಹೊಕ್ಕ ಪಾದದಲ್ಲೇ ನಡೆಯುತ್ತಾನೆ. ಗಾಯ ಗಾಯವಾಗಿಯೇ ಉಳಿದು ಬೆರಳು ಹೋಗುತ್ತದೆ. ನೋವು ಶರೀರದ ಕಾವಲುಗಾರ ಎಂದು ಅವರು ಜೀವನವಿಡೀ ಹೇಳುತ್ತ ಬಂದರು.

ಇದು ವಿಜ್ಞಾನದ ಮಾತು, ಒಪ್ಪಬಹುದು. ಆದರೆ ಶರೀರದ ನೋವಿಗೆ ಹೇಳಿದ ಉತ್ತರ ಬದುಕಿನ ದುಃಖಕ್ಕೆ ಸಾಲದು. ಮನೆಯಲ್ಲಿ ಸಾವಾದಾಗ, ಕೈಗೆ ಬಂದ ಭವಿಷ್ಯ ಒಂದು ಗಳಿಗೆಯಲ್ಲಿ ಜಾರಿಹೋದಾಗ, ದುಃಖಕ್ಕೂ ಉಪಯೋಗವಿದೆಯಪ್ಪ ಎಂದು ಹೇಳಹೋದರೆ ಅದು ಕ್ರೂರವಾದೀತು. ಅಂಥ ಹೊತ್ತಿನಲ್ಲಿ ದೇವರಲ್ಲಿ ನಂಬಿಕೆಯುಳ್ಳವರಿಗೆ ಆ ನಂಬಿಕೆ ಏನು ಕೊಡುತ್ತದೆ? ಕ್ರೈಸ್ತ ಧರ್ಮದ ನೆಲೆಯಿಂದ ಇದನ್ನು ನೋಡಲು ನಾನು ಆರಿಸಿಕೊಂಡಿರುವುದು ಬ್ರ್ಯಾಂಡರ ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ತರುಣ ವೈದ್ಯೆಯ ಜೀವನವನ್ನು.

ಮೇರಿ ವರ್ಗೀಸ್ ಹುಟ್ಟಿದ್ದು 1925ರಲ್ಲಿ, ಕೊಚ್ಚಿ ಸೀಮೆಯ ಸಿರಿಯನ್ ಕ್ರೈಸ್ತ ಮನೆತನವೊಂದರಲ್ಲಿ. ಓದಿದ್ದು ವೆಲ್ಲೂರಿನಲ್ಲಿ. ಅಮೆರಿಕದ ವೈದ್ಯೆ ಐಡಾ ಸ್ಕಡರ್ 1900ರಲ್ಲಿ ಒಂದೇ ಒಂದು ಹಾಸಿಗೆಯಿಂದ ಆರಂಭಿಸಿದ ಆಸ್ಪತ್ರೆ ಅದು. 1918ರಿಂದ ಅಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಶಿಕ್ಷಣ ದೊರೆಯಿತು. ಸ್ತ್ರೀರೋಗ ಚಿಕಿತ್ಸೆಯಲ್ಲಿ ಮುಂದುವರಿಯಬೇಕು ಎಂಬುದು ಮೇರಿಯ ಆಸೆ. 1954ರ ಜನವರಿಯಲ್ಲಿ ಕೆಲವು ಸಹೋದ್ಯೋಗಿಗಳೊಡನೆ ವಿಹಾರಕ್ಕೆಂದು ಹೊರಟ ವಾಹನ ಉರುಳಿಬಿತ್ತು. ಮುಖಕ್ಕೆ ತೀವ್ರ ಗಾಯವಾಯಿತು, ಬೆನ್ನುಹುರಿಗೆ ಪೆಟ್ಟು ಬಿತ್ತು. ಸೊಂಟದಿಂದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಆಗ ಅವರಿಗೆ ಇಪ್ಪತ್ತೆಂಟು ವರ್ಷ.

ಬೆನ್ನುಹುರಿ ಎಂದರೇನು ಎಂಬುದನ್ನು ನೀವು ಜೀವಶಾಸ್ತ್ರದಲ್ಲಿ ಓದಿದ್ದೀರಿ. ಸುಮಾರು ಕಿರುಬೆರಳಿನ ದಪ್ಪದ ನರಗಳ ಹುರಿ. ಮಿದುಳಿನ ಆಜ್ಞೆಗಳು ಇಳಿಯುವುದೂ ಕಾಲಿನ ಸಮಾಚಾರ ಏರುವುದೂ ಅದರ ಮೂಲಕವೇ. ಕೈಯ ನರ ತುಂಡಾದರೆ ಜೋಡಿಸಬಹುದು, ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಅದು ಮತ್ತೆ ಬೆಳೆದೀತು. ಬೆನ್ನುಹುರಿಗೆ ಆ ಶಕ್ತಿಯಿಲ್ಲ. ಮೇರಿ ಸ್ವತಃ ವೈದ್ಯೆ. ಅಂಥ ರೋಗಿಯ ಮುಂದೆ ಯಾವ ಹುಸಿ ಭರವಸೆಯೂ ನಿಲ್ಲುವುದಿಲ್ಲ. ಇನ್ನೊಂದು ಮಾತು. ಸ್ಪರ್ಶವಿಲ್ಲದ ಶರೀರ ಮಗ್ಗುಲು ಬದಲಿಸಬೇಕೆಂದು ಕೇಳುವುದಿಲ್ಲ, ಒಂದೇ ಕಡೆ ಒತ್ತಿ ಒತ್ತಿ ಹುಣ್ಣಾಗುತ್ತದೆ. ಕುಷ್ಠರೋಗಿಯ ಬೆರಳಿಗೆ ಇದ್ದ ಗಂಡಾಂತರವೇ ಈಗ ವೈದ್ಯೆಯ ಅರ್ಧ ಶರೀರಕ್ಕೂ ಬಂದಿತ್ತು.

ನಮ್ಮ ವೃತ್ತಿಯಲ್ಲಿ ಇಂಥ ಜೀವನವನ್ನು ಅರ್ಧ ಗಂಟೆಯ ಚಿತ್ರಕ್ಕೆ ಇಳಿಸುವಾಗ ಅಪಘಾತದ ದೃಶ್ಯ, ಅದರ ಬೆನ್ನಿಗೇ ಗಾಲಿಕುರ್ಚಿಯಲ್ಲಿ ನಗುತ್ತಿರುವ ಮುಖ, ನಡುವೆ ಸ್ವಲ್ಪ ವೀಣೆಯ ನಾದ! ನೋಡುವವರಿಗೆ ಹಿತವಾಗಿರುತ್ತದೆ. ಆದರೆ ಧರ್ಮದ ಪ್ರಶ್ನೆ ಹುಟ್ಟುವುದು ನಾವು ಕತ್ತರಿಸಿ ಹಾಕುವ ಆ ನಡುವಿನ ತಿಂಗಳುಗಳಲ್ಲಿ. ಛಾವಣಿಯನ್ನೇ ನೋಡುತ್ತ ಮಲಗಿದ ಮನುಷ್ಯನಿಗೆ ಮೊದಲು ಬರುವುದು ಕೃತಜ್ಞತೆಯಲ್ಲ, 'ನನಗೇ ಏಕೆ?' ಎಂಬ ಪ್ರಶ್ನೆ.

ಕ್ರೈಸ್ತ ಪರಂಪರೆ ಈ ಪ್ರಶ್ನೆಯನ್ನು ಗದರಿಸಿ ಬಾಯಿ ಮುಚ್ಚಿಸುವುದಿಲ್ಲ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಬೈಬಲಿನಲ್ಲಿ 150 ಕೀರ್ತನೆಗಳಿವೆ. ಅವೆಲ್ಲ ಸ್ತುತಿಗೀತೆಗಳೆಂದು ನಾವು ತಿಳಿಯುತ್ತೇವೆ. ತೆರೆದು ನೋಡಿದರೆ ಸರಿಸುಮಾರು ಮೂರರಲ್ಲೊಂದು ಪಾಲು ಪ್ರಲಾಪಗಳು, ದೇವರೊಡನೆ ಜಗಳಗಳು. ಶಿಲುಬೆಯ ಮೇಲೆ ಯೇಸು ಕೂಡ ದೇವರು ತನ್ನ ಕೈಬಿಟ್ಟದ್ದೇಕೆಂದು ಕೂಗಿ ಕೇಳಿದನೆಂದು ಮತ್ತಾಯ ಮತ್ತು ಮಾರ್ಕರ ಸುವಾರ್ತೆಗಳು ಹೇಳುತ್ತವೆ. ಆ ಕೂಗು 22ನೆಯ ಕೀರ್ತನೆಯ ಆರಂಭ. ಕ್ರೈಸ್ತನಿಗೆ ಸಾಂತ್ವನ ಮೊದಲು ದೊರೆಯುವುದು ಇಲ್ಲೇ. ತನ್ನ ದೇವರು ದುಃಖವನ್ನು ದೂರದಲ್ಲಿ ನಿಂತು ನೋಡಿದವನಲ್ಲ, ಒಳಹೊಕ್ಕು ಅನುಭವಿಸಿದವನು ಎಂಬುದು ಅವನ ನಂಬಿಕೆ. ಉತ್ತರ ಸಿಗದಿರಬಹುದು, ಆದರೆ ಕೇಳುವವನು ಒಂಟಿಯಲ್ಲ.

ನಂಬಿಕೆ ಗಟ್ಟಿಯಾಗಿದ್ದರೆ ರೋಗ ವಾಸಿಯಾಗಲೇಬೇಕು, ವಾಸಿಯಾಗದಿದ್ದರೆ ತಪ್ಪು ರೋಗಿಯದೇ ಎಂದು ಹೇಳುವವರು ಎಲ್ಲ ಮತಗಳಲ್ಲೂ ಇದ್ದಾರೆ. ಮಲಗಿದವನ ಮೇಲೆ ಇನ್ನೊಂದು ಕಲ್ಲು ಹೇರುವ ಮಾತು ಅದು. ಸಂತ ಪೌಲನಂಥವನು ತನ್ನ ಶರೀರದಲ್ಲಿ ನಾಟಿದ್ದ ಮುಳ್ಳಿನಂಥ ಬಾಧೆಯೊಂದನ್ನು ತೆಗೆಯಬೇಕೆಂದು ಮೂರು ಬಾರಿ ಬೇಡಿಕೊಂಡ, ಅದು ಹೋಗಲಿಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಅವನೇ ಇದನ್ನು ಬರೆದಿದ್ದಾನೆ. ಅದನ್ನು ಹೊತ್ತುಕೊಂಡೇ ನಡೆಯುವ ಬಲ ದೊರೆಯಿತು ಎಂಬುದಷ್ಟೇ ಅವನ ಸಾಕ್ಷಿ.

ಮೇರಿಗೆ ಆ ಬಲ ಬಂದದ್ದು ಆಕಾಶದಿಂದ ಇಳಿದಂತೆ ಅಲ್ಲ, ಬ್ರ್ಯಾಂಡರ ಒಂದು ಸಲಹೆಯ ರೂಪದಲ್ಲಿ. ಕುಷ್ಠರೋಗಿಗಳ ಕೈಗಳ ಮೇಲೆ ನಡೆಸುವ ಶಸ್ತ್ರಕ್ರಿಯೆಯನ್ನು ನೀವು ಕಲಿಯಬಹುದಲ್ಲ ಎಂದರು ಅವರು. ಯೋಚಿಸಿ ನೋಡಿ, ಎಷ್ಟು ಸರಳವಾದ ಮಾತು! ಕೈಯ ಶಸ್ತ್ರಕ್ರಿಯೆಯನ್ನು ಕಾಲು ಸರಿಯಿರುವ ವೈದ್ಯರೂ ಸಾಮಾನ್ಯವಾಗಿ ಕುಳಿತೇ ಮಾಡುತ್ತಾರೆ. ರೋಗಿಯ ಕೈ ಪಕ್ಕದ ಪುಟ್ಟ ಮೇಜಿನ ಮೇಲೆ ಚಾಚಿರುತ್ತದೆ. ಅಲ್ಲಿ ಬೇಕಾದುದು ಬುದ್ಧಿ, ತಾಳ್ಮೆ ಮತ್ತು ಎರಡು ಕೈ. ಮೂರೂ ಮೇರಿಯ ಬಳಿ ಇದ್ದವು.

ಆ ಶಸ್ತ್ರಕ್ರಿಯೆಯೂ ತಿಳಿಯಬೇಕಾದದ್ದೇ. ಮೊಣಕೈಯ ಬಳಿಯ ನರ ಕೆಟ್ಟಾಗ ಬೆರಳುಗಳು, ಮುಖ್ಯವಾಗಿ ಉಂಗುರದ ಬೆರಳು ಮತ್ತು ಕಿರುಬೆರಳು, ಹದ್ದಿನ ಉಗುರಿನಂತೆ ಮಡಚಿಕೊಳ್ಳುತ್ತವೆ. ಲೋಟ ಹಿಡಿಯಲು ಬಾರದು, ತುತ್ತು ಎತ್ತಲು ಬಾರದು. ಆದರೆ ಅದೇ ತೋಳಿನಲ್ಲಿ ಕೆಡದೆ ಉಳಿದ ಸ್ನಾಯುಗಳೂ ಇರುತ್ತವೆ. ಅಂಥ ಒಂದರ ರಜ್ಜುವನ್ನು ಬಿಡಿಸಿ ಮಡಚಿದ ಬೆರಳಿಗೆ ಜೋಡಿಸುತ್ತಾರೆ. ಆಮೇಲೆ ಆ ಸ್ನಾಯುವಿಗೆ ಹೊಸ ಕೆಲಸವನ್ನು ವಾರಗಟ್ಟಲೆ ಕಲಿಸಬೇಕು, ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ. ಕಳೆದುಹೋದುದನ್ನು ಮರಳಿ ತರುವುದಲ್ಲ, ಉಳಿದುದಕ್ಕೆ ಹೊಸ ಕೆಲಸ ಕೊಡುವುದು. ಇದನ್ನು ಮಾಡುತ್ತಿದ್ದವರು ಗಾಲಿಕುರ್ಚಿಯಲ್ಲಿದ್ದರು. ಅವರ ಮುಂದೆ ಕೈ ಚಾಚಿದ ರೋಗಿಗೆ, ತನ್ನ ವೈದ್ಯೆಗೆ ನಡೆಯಲು ಬಾರದು ಎಂಬುದು ಕಾಣುತ್ತಿತ್ತು. ಊರಿನಿಂದ ಹೊರಗೆ ಹಾಕಿಸಿಕೊಂಡು ಬಂದವನಿಗೆ ಆ ನೋಟವೇ ಅರ್ಧ ಔಷಧವಾಗಿದ್ದಿರಬೇಕು.

ಮೇರಿಯ ನಂಬಿಕೆಯ ಊರಿನಲ್ಲಿ ಒಂದು ಸ್ವಾರಸ್ಯವಿದೆ. ಕೇರಳದ ಸಿರಿಯನ್ ಕ್ರೈಸ್ತರು ತಮ್ಮ ಪರಂಪರೆಯ ಮೂಲಪುರುಷ ಸಂತ ತೋಮ ಎಂದು ನಂಬುತ್ತಾರೆ. ಗಾಯದ ಗುರುತನ್ನು ನೋಡಿ ಮುಟ್ಟದೆ ಯೇಸು ಎದ್ದು ಬಂದನೆಂದು ನಂಬಲಾರೆ ಎಂದವನು ಈ ತೋಮ. ವಿಜ್ಞಾನ ಓದಿದ ನನಗೆ ಶಿಷ್ಯರ ಪೈಕಿ ಅವನ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ! ಆದರೆ ಕಥೆಯಲ್ಲಿ ಗಮನಿಸಬೇಕಾದದ್ದು ಅವನ ಸಂಶಯಕ್ಕಿಂತ ಆ ಗಾಯಗಳನ್ನು. ಪುನರುತ್ಥಾನವಾದ ಶರೀರದಲ್ಲೂ ಮೊಳೆಯ ಗುರುತು ಮಾಸಿರಲಿಲ್ಲ. ಕ್ರೈಸ್ತರು ಭರವಸೆ ಎನ್ನುವಾಗ ಏನೂ ಆಗಿಯೇ ಇಲ್ಲವೆಂಬಂತೆ ಮೊದಲಿನ ಸ್ಥಿತಿಗೆ ಮರಳುವುದನ್ನು ಹೇಳುತ್ತಿಲ್ಲ. ಮೇರಿಯ ಮುಖದ ಕಲೆ ಹೋಗಲಿಲ್ಲ, ಕಾಲು ಬರಲಿಲ್ಲ.

ಶಸ್ತ್ರವೈದ್ಯೆಯಾಗಿ ನಿಂತ ಮೇಲೆ ಅವರು ಆಸ್ಟ್ರೇಲಿಯಾದ ಪರ್ತ್ ನಗರಕ್ಕೆ ರೋಗಿಯಾಗಿ ಹೋದರು. ಗಾಲಿಕುರ್ಚಿಯಲ್ಲಿ ಕುಳಿತು ತನ್ನ ಕೆಲಸ ತಾನೇ ಮಾಡಿಕೊಳ್ಳುವುದನ್ನು ಅಲ್ಲಿ ಕ್ರಮವಾಗಿ ಕಲಿತರು. ಇಂಥ ಶಿಕ್ಷಣ ನಮ್ಮ ದೇಶದಲ್ಲಿ ಏಕಿರಬಾರದು ಎಂಬ ಆಲೋಚನೆ ಅವರನ್ನು ನ್ಯೂಯಾರ್ಕಿಗೆ, ಈ ಶಾಸ್ತ್ರದ ಪ್ರವರ್ತಕರಾದ ಡಾಕ್ಟರ್ ಹೋವರ್ಡ್ ರಸ್ಕ್ ಅವರ ಸಂಸ್ಥೆಗೆ ಒಯ್ದಿತು. ಮರಳಿ ಬಂದು 1963ರಲ್ಲಿ ವೆಲ್ಲೂರಿನ ಪುನರ್ವಸತಿ ಚಿಕಿತ್ಸಾ ವಿಭಾಗದ ಹೊಣೆ ಹೊತ್ತರು. 1966ರಲ್ಲಿ ಬೆನ್ನುಹುರಿ ಗಾಯಗೊಂಡವರು ಉಳಿದು ತರಬೇತಿ ಪಡೆಯುವ ಕೇಂದ್ರವೂ ಆರಂಭವಾಯಿತು. 1972ರಲ್ಲಿ ಪದ್ಮಶ್ರೀ ಬಂದಿತು. 1986ರಲ್ಲಿ ಅವರು ತೀರಿಕೊಂಡರು. ಅಮೆರಿಕದ ಲೇಖಕಿ ಡೊರೊತಿ ಕ್ಲಾರ್ಕ್ ವಿಲ್ಸನ್ 1963ರಲ್ಲೇ ಅವರ ಜೀವನಚರಿತ್ರೆ ಬರೆದರು. 'ಟೇಕ್ ಮೈ ಹ್ಯಾಂಡ್ಸ್' ಎಂಬ ಆ ಪುಸ್ತಕ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕರೆ ಓದಿ.

ನಿಮ್ಮ ತರಗತಿಯಲ್ಲೇ ದುಃಖದಲ್ಲಿರುವ ಗೆಳೆಯನೋ ಗೆಳತಿಯೋ ಇರಬಹುದು. ಏನು ಹೇಳಬೇಕೆಂದು ತೋಚದೆ ನೀವು ದೂರ ಸರಿಯುತ್ತಿರಬಹುದು. ಬೈಬಲಿನ ಯೋಬನ ಕಥೆ ಇಲ್ಲಿ ನೆನಪಾಗುತ್ತದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಅವನ ಬಳಿಗೆ ಮೂವರು ಸ್ನೇಹಿತರು ಬಂದು ಏಳು ದಿನ ಏಳು ರಾತ್ರಿ ಸುಮ್ಮನೆ ನೆಲದ ಮೇಲೆ ಕುಳಿತರು. ಅಲ್ಲಿಯವರೆಗೆ ಅವರು ಒಳ್ಳೆಯ ಸ್ನೇಹಿತರೇ. ಬಾಯಿ ತೆರೆದು ಅವನ ಕಷ್ಟಕ್ಕೆ ಕಾರಣ ವಿವರಿಸಲು ಹೊರಟಾಗ ಕೆಲಸ ಕೆಟ್ಟಿತು. ಬ್ರ್ಯಾಂಡ್ ಮೇರಿಗೆ ಕಾರಣ ವಿವರಿಸಲಿಲ್ಲ, ಮುಂದಿನ ಒಂದು ಹೆಜ್ಜೆ ತೋರಿಸಿದರು. ಆ ಹೆಜ್ಜೆಗೆ ಕಾಲು ಬೇಕಾಗಿರಲಿಲ್ಲ.

ಇಂದಿಗೂ ಕರ್ನಾಟಕದಿಂದ ಅನೇಕರು ರೈಲಿನಲ್ಲಿ ಕಾಟ್‌ಪಾಡಿಯಲ್ಲಿ ಇಳಿದು ವೆಲ್ಲೂರಿನ ಆಸ್ಪತ್ರೆಗೆ ಹೋಗುತ್ತಾರೆ. ಊರಿನ ದಕ್ಷಿಣಕ್ಕೆ ಬಾಗಾಯಂ ಎಂಬಲ್ಲಿ ಮೇರಿ ಕಟ್ಟಿದ ಕೇಂದ್ರವಿದೆ. ಮರದಿಂದ ಬಿದ್ದವರು, ಬೈಕಿನಿಂದ ಬಿದ್ದವರು, ನಿಮ್ಮ ವಯಸ್ಸಿನವರೂ ಅಂಥ ಕಡೆಗೆ ಬರುತ್ತಾರೆ. ಬೆನ್ನುಹುರಿ ಪೆಟ್ಟಾದವರಿಗೆ ಮೊದಲ ಪಾಠ ನಡೆಯುವುದಲ್ಲ, ಗಾಲಿಕುರ್ಚಿ ಏರುವುದೂ ಅಲ್ಲ. ಮಲಗಿದಲ್ಲೇ, ತನ್ನ ತೋಳಿನ ಬಲದಿಂದ, ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳುವುದು.