ಬಾಂಬಿನ ಬೂದಿ



ಇವತ್ತು ಅಣುಬಾಂಬಿನ ವಿಷಯ ಮಾತಾಡೋಣ. “ಅದು ದೇಶ ಆಳುವವರ ವಿಷಯ. ಒಲೆ ಮುಂದೆ ಕೂರುವ ನಮಗೆ ಏನು ಸಂಬಂಧ?” ಅಂತ ನೀವು ಕೇಳಬಹುದು. ಸಂಬಂಧ ಇದೆ. ಆ ಬಾಂಬಿನ ವಿಷ ಕುಡಿಯುವ ನೀರಿಗೆ ಬರುತ್ತೆ. ಹಸುವಿನ ಹಾಲಿಗೆ ಬರುತ್ತೆ. ಮಗುವಿನ ಮೂಳೆಗೂ ಸೇರುತ್ತೆ. ಹೇಗೆ ಅಂತ ಹೇಳ್ತೀನಿ, ಕೇಳಿ.

1945ರ ಆಗಸ್ಟ್ 6ರಂದು ಜಪಾನ್ ದೇಶದ ಹಿರೋಶಿಮಾ ಪಟ್ಟಣದ ಮೇಲೆ ಅಮೆರಿಕ ಅಣುಬಾಂಬು ಹಾಕಿತು. ಆ ವರ್ಷ ಮುಗಿಯುವುದರೊಳಗೆ ಸುಮಾರು 1 ಲಕ್ಷ 40 ಸಾವಿರ ಜನ ಸತ್ತರು.

ಅಣುಬಾಂಬು ಮೂರು ಬಗೆಯಲ್ಲಿ ಕೊಲ್ಲುತ್ತೆ. ಒಂದು, ಬೆಂಕಿಯ ಝಳ. ದೂರ ನಿಂತವರ ಚರ್ಮವೂ ಸುಡುತ್ತೆ. ಎರಡು, ಗಾಳಿಯ ಹೊಡೆತ. ಮನೆಗಳು ಕುಸಿದು ಬೀಳುತ್ತವೆ. ಮೂರು, ವಿಕಿರಣ. ಇದು ಕಣ್ಣಿಗೆ ಕಾಣಲ್ಲ. ಇದಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಮೈಯೊಳಗೆ ಹೊಕ್ಕು ರಕ್ತ ಕೆಡಿಸುತ್ತೆ. ವರ್ಷಗಳು ಕಳೆದ ಮೇಲೆ ಕ್ಯಾನ್ಸರ್ ಕೂಡ ತರಬಹುದು. ಬೆಂಕಿ ಆರುತ್ತೆ, ಗಾಳಿ ನಿಲ್ಲುತ್ತೆ. ಆದರೆ ವಿಕಿರಣ ತುಂಬಿದ ಬೂದಿ ಗಾಳಿಯ ಜೊತೆ ದೂರ ದೂರ ಹೋಗುತ್ತೆ.

ನಿಜವಾಗಿ ನಡೆದ ಒಂದು ಸಂಗತಿ ಇದೆ. ಪೆಸಿಫಿಕ್ ಸಾಗರದ ನಡುವೆ ಮಾರ್ಷಲ್ ದ್ವೀಪಗಳಿವೆ. ದ್ವೀಪ ಅಂದರೆ ಸುತ್ತಲೂ ನೀರು ಇರುವ ನೆಲ. ಅಲ್ಲಿ ಬಿಕಿನಿ ಎಂಬ ಜಾಗದಲ್ಲಿ 1954ರ ಮಾರ್ಚ್ 1ರಂದು ಅಮೆರಿಕ ಒಂದು ಬಾಂಬು ಸಿಡಿಸಿ ಪರೀಕ್ಷೆ ಮಾಡಿತು. ಹಿರೋಶಿಮಾ ಬಾಂಬಿಗಿಂತ ಅದರ ಶಕ್ತಿ ಸುಮಾರು ಸಾವಿರ ಪಟ್ಟು ಹೆಚ್ಚು. ಸುಮಾರು 2 ಕಿಲೋಮೀಟರ್ ಅಗಲದ ಗುಂಡಿ ಬಿತ್ತು. ಅಲ್ಲಿನ ಹವಳದ ಕಲ್ಲು ಪುಡಿಪುಡಿಯಾಗಿ ಆಕಾಶಕ್ಕೆ ಹಾರಿತು.

ಅಲ್ಲಿಂದ 150 ಕಿಲೋಮೀಟರಿಗೂ ದೂರದಲ್ಲಿ ರೊಂಗೆಲಾಪ್ ಎಂಬ ದ್ವೀಪ. ಅಲ್ಲಿ 64 ಜನ ಇದ್ದರು. ಪರೀಕ್ಷೆಗೆ ಮುಂಚೆ ಅವರನ್ನು ಬೇರೆ ಕಡೆ ಸಾಗಿಸಿರಲಿಲ್ಲ. ಕೆಲವು ಗಂಟೆ ಕಳೆದ ಮೇಲೆ ಆಕಾಶದಿಂದ ಬಿಳಿ ಬೂದಿ ಉದುರಿತು. ಮಕ್ಕಳು ಅದರಲ್ಲೇ ಆಟ ಆಡಿದರು. ಕುಡಿಯುವ ನೀರಿಗೂ ಬೂದಿ ಬಿತ್ತು. ಅವತ್ತೇ ವಾಂತಿ, ಮೈ ಉರಿ ಶುರುವಾಯಿತು. ಎರಡು ದಿನ ಆದ ಮೇಲೆ ಅವರನ್ನು ಅಲ್ಲಿಂದ ಕರೆದೊಯ್ದರು. ಆಮೇಲೆ ಚರ್ಮದ ಮೇಲೆ ಸುಟ್ಟ ಗಾಯ ಎದ್ದಿತು. ಕೂದಲು ಉದುರಿತು. ಮುಂದೆ ಹಲವು ಮಕ್ಕಳಿಗೆ ಗಂಟಲಿನ ಥೈರಾಯ್ಡ್ ಗ್ರಂಥಿಯಲ್ಲಿ ಗಡ್ಡೆ ಬೆಳೆಯಿತು. 1957ರಲ್ಲಿ ಅವರನ್ನು ಊರಿಗೆ ವಾಪಸ್ ಕಳಿಸಿದರು. ನೆಲದ ವಿಷ ಹೋಗಿರಲಿಲ್ಲ. 1985ರಲ್ಲಿ ಅವರು ಊರನ್ನೇ ಬಿಟ್ಟು ಹೊರಟರು.

ಇಂಥ ಪರೀಕ್ಷೆಗಳು ಇನ್ನೂ ಬಹಳ ನಡೆದವು. ಬೂದಿಯ ಸಣ್ಣ ಕಣಗಳು ಗಾಳಿಯಲ್ಲಿ ಲೋಕವೆಲ್ಲ ಸುತ್ತಿದವು. ಮಳೆಯ ಜೊತೆ ಹುಲ್ಲಿಗೆ ಬಿದ್ದವು. ಹುಲ್ಲನ್ನು ಹಸು ಮೇಯಿತು. ಹಸುವಿನ ಹಾಲನ್ನು ಮಗು ಕುಡಿಯಿತು. ಆ ಕಣಗಳಲ್ಲಿ ಸ್ಟ್ರಾನ್ಷಿಯಂ ಎಂಬ ವಿಷ ಇರುತ್ತೆ. ಅದರ ಗುಣ ಸುಣ್ಣದ ಗುಣದ ಹಾಗೆ. ಹಾಲಿನ ಸುಣ್ಣದ ಅಂಶ ಮೂಳೆಗೆ ಸೇರುತ್ತೆ ಅಲ್ವಾ? ಈ ವಿಷವೂ ಹಾಗೇ ಮೂಳೆಗೆ, ಹಲ್ಲಿಗೆ ಸೇರುತ್ತೆ. ಅದು ಅರ್ಧಕ್ಕೆ ಇಳಿಯಲು ಸುಮಾರು 29 ವರ್ಷ ಬೇಕು. ಅಮೆರಿಕದ ಸೇಂಟ್ ಲೂಯಿಸ್ ಪಟ್ಟಣದಲ್ಲಿ 1958ರಿಂದ ಮಕ್ಕಳ ಉದುರಿದ ಹಾಲುಹಲ್ಲು ಕೂಡಿಸಿ ಪರೀಕ್ಷೆ ಮಾಡಿದರು. ತಾಯಂದಿರು ಹಲ್ಲು ಕಳಿಸಿಕೊಟ್ಟರು. ಹಲ್ಲಿನಲ್ಲಿ ವಿಷ ಸಿಕ್ಕಿತು.

ಹಾಗಾದರೆ ಹೆಂಗಸರು ಏನು ಮಾಡಿದರು? 1954ರ ಆ ಬೂದಿ ಜಪಾನಿನ ಒಂದು ಮೀನು ಹಿಡಿಯುವ ದೋಣಿಯ ಮೇಲೂ ಬಿದ್ದಿತ್ತು. ದೋಣಿಯಲ್ಲಿ 23 ಜನ. ಎಲ್ಲರಿಗೂ ಕಾಯಿಲೆ ಆಯಿತು. ಅದೇ ಸೆಪ್ಟೆಂಬರಿನಲ್ಲಿ ಒಬ್ಬರು ತೀರಿಕೊಂಡರು. ಮೀನಿನಲ್ಲೂ ವಿಷ ಕಂಡಿತು. ಜನ ಮೀನು ಕೊಳ್ಳಲು ಹೆದರಿದರು. ಟೋಕಿಯೋ ನಗರದ ಸುಗಿನಾಮಿ ಎಂಬ ಭಾಗದಲ್ಲಿ ಹೆಂಗಸರ ಒಂದು ಓದುವ ಗುಂಪು ಇತ್ತು. ಮನೆಗೆಲಸ ಮಾಡಿಕೊಂಡಿದ್ದ ಹೆಂಗಸರು ಅವರು. ಅವರೂ ಸೇರಿ ಮನೆ ಮನೆಗೆ ಹೋಗಿ, ಇಂಥ ಬಾಂಬು ಬೇಡ ಅಂತ ಸಹಿ ಕೂಡಿಸಿದರು. ಅದು ದೇಶಕ್ಕೆಲ್ಲ ಹಬ್ಬಿತು. 1955ರ ಆಗಸ್ಟ್ ಹೊತ್ತಿಗೆ 3 ಕೋಟಿಗೂ ಹೆಚ್ಚು ಸಹಿ ಆಯಿತು.

ಬೇರೆ ದೇಶಗಳಲ್ಲೂ ಜನ ಕೇಳತೊಡಗಿದರು. ಕೊನೆಗೆ 1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಒಂದು ಒಪ್ಪಂದ ಮಾಡಿಕೊಂಡವು. ಗಾಳಿಯಲ್ಲಿ, ನೀರಿನಲ್ಲಿ ಬಾಂಬು ಸಿಡಿಸುವುದನ್ನು ನಿಲ್ಲಿಸಿದವು. ಆಮೇಲೆ ಹಾಲಿನ ವಿಷ ಕಡಿಮೆಯಾಗುತ್ತಾ ಬಂತು. ಕೆಲಸ ಪೂರ್ತಿ ಆಗಲಿಲ್ಲ. ನೆಲದ ಒಳಗೆ ಪರೀಕ್ಷೆ ನಡೆದವು. ಇಂದಿಗೂ ಲೋಕದಲ್ಲಿ ಸುಮಾರು 12 ಸಾವಿರ ಅಣುಬಾಂಬುಗಳಿವೆ. ನಮ್ಮ ದೇಶದಲ್ಲೂ ಇವೆ.

ಅಕ್ಕಂದಿರೇ, ನೀವೂ ಸಹಿ ಹಾಕಲು ಕಲಿತಿದ್ದೀರಿ. ಸಹಿ ರೇಷನ್ ಅಂಗಡಿಗೆ, ಬ್ಯಾಂಕಿಗೆ ಮಾತ್ರ ಅಲ್ಲ. ನಮ್ಮ ನೀರಿಗೆ, ಗಾಳಿಗೆ, ಮಕ್ಕಳ ಹಾಲಿಗೆ ಏನು ಬೆರೆಯುತ್ತಿದೆ ಅಂತ ಓದಿ ತಿಳಿಯೋಣ. ತಿಳಿದು ಕೇಳೋಣ. ಬೇಡವಾದದ್ದನ್ನು ಬೇಡ ಅಂತ ಬರೆದು, ಕೆಳಗೆ ನಮ್ಮ ಹೆಸರು ಹಾಕೋಣ.